ಯಾರ ಕೈಯಲ್ಲಿತ್ತು

"ನಾನೇ ಹಿಡಿದಿದ್ದೆ. ಬರ್ಕೊಳ್ಳಿ. ಇದರಲ್ಲಿ ಯೋಚನೆ ಮಾಡೋಕೇನಿದೆ?"

ಕ್ಯಾಪ್ಟನ್ ಅತಾವುಲ್ಲಾ ಬಯಾತ್ ಈ ಮಾತನ್ನು ಹೇಳುತ್ತಿರುವುದು ಮೂರನೆಯ ಸಲ. ಮೂರು ಸಲವೂ ಮುಖದ ಮೇಲೆ ಅದೇ ನಗು, ಮನೆಗೆ ಬಂದವರಿಗೆ ಒಳ್ಳೆಯ ಆಸನವನ್ನು ತೋರಿಸುವಾಗ ಮೂಡುವಂಥದು. ಅವರ ಎರಡು ಕೈಗಳೂ ಮೊಣಕೈವರೆಗೆ ಬ್ಯಾಂಡೇಜಿನಲ್ಲಿ ಹೂತುಹೋಗಿ, ಆಸ್ಪತ್ರೆಯ ಹೊದಿಕೆಯ ಮೇಲೆ ಬೇರೆ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದವು.

ವಿಮಾನ ಬಿದ್ದದ್ದರ ವಿಚಾರಣೆಗೆ ಬಂದಿದ್ದ ಇರಜ್ ಫರ್ಜಾದ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಉಸ್ತಾದ್, ಇಳಿಯುವಾಗ ಚುಕ್ಕಾಣಿ ನಿಜವಾಗಿ ಯಾರ ಕೈಯಲ್ಲಿತ್ತು ಅಂತ ಕೇಳ್ತಿದ್ದೀನಿ. ಅಪವಾದ ಯಾರು ಹೊತ್ಕೋತೀರಿ ಅಂತಲ್ಲ."

"ಎರಡೂ ಒಂದೇ ಅಲ್ವಾ, ಮೊಹಂದಿಸ್ ಜಾನ್?"

ಅಲ್ಲ. ಮೊಹಂದಿಸ್, ಅಂದರೆ ಎಂಜಿನಿಯರ್ ಆಗಿ ಅವನು ಇಂಗ್ಲೆಂಡಿನಲ್ಲಿ ಕಲಿತುಬಂದ ವಿದ್ಯೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿತ್ತು. ವಿಮಾನ ಬಿದ್ದರೆ ಅದಕ್ಕೊಂದು ಕಾರಣವಿರುತ್ತದೆ: ಬಿರುಕು ಬಿಟ್ಟ ಲೋಹ, ಇಂಧನದಲ್ಲಿ ಬೆರೆತ ನೀರು, ರೆಕ್ಕೆಯ ಮೇಲೆ ಕಟ್ಟಿದ ಹಿಮ, ತಪ್ಪಾಗಿ ಓದಿಕೊಂಡ ಎತ್ತರದ ಮುಳ್ಳು. ಕಾರಣವನ್ನು ಹುಡುಕಿ ಅದನ್ನು ಅದರ ಹೆಸರಿನಿಂದ ಕರೆದರೆ ಮುಂದಿನ ವಿಮಾನ ಉಳಿಯುತ್ತದೆ. ಸತ್ತವರಿಗೆ ಬದುಕಿರುವವರು ಸಲ್ಲಿಸಬಹುದಾದ ಪ್ರಾಮಾಣಿಕ ಮರ್ಯಾದೆ ಅದೊಂದೇ ಎಂದು ಅವನು ನಂಬಿದ್ದ. ಉಳಿದದ್ದೆಲ್ಲ ಸಾವಿನ ಮನೆಯಲ್ಲಿ ಹಂಚುವ ಖರ್ಜೂರ ಮತ್ತು ಹಲ್ವ.

ಇಸ್ಫಹಾನಿನಿಂದ ತೆಹ್ರಾನಿಗೆ ಬರುತ್ತಿದ್ದ ಈ ಡಕೋಟಾ ವಿಮಾನದಲ್ಲಿ ಅಂಥ ಯಾವ ಕಾರಣವೂ ಸಿಕ್ಕಿರಲಿಲ್ಲ. ಎಂಜಿನ್‌ಗಳು ಸರಿಯಾಗಿದ್ದವು, ಇಂಧನ ಶುದ್ಧವಾಗಿತ್ತು. ಚಳಿಗಾಲದ ಆಕಾಶ ಎಷ್ಟು ತಿಳಿಯಾಗಿತ್ತೆಂದರೆ ಆಲ್ಬೊರ್ಜ್ ಬೆಟ್ಟದ ಮೇಲಿನ ಹಿಮದ ಗೀರುಗಳನ್ನು ಎಣಿಸಬಹುದಾಗಿತ್ತು. ಮೆಹ್ರಾಬಾದ್ ವಿಮಾನ ನಿಲ್ದಾಣದ ಓಡುದಾರಿ ಎದುರಿಗೇ ಕಾಣುತ್ತಿರುವಾಗ ವಿಮಾನ ಅದಕ್ಕೂ ಮುಂಚೆ ಇಟ್ಟಿಗೆ ಗೂಡುಗಳ ನಡುವೆ ಇಳಿದುಬಿಟ್ಟಿತು. "ಮೆತ್ತಗೆ ಇಳೀತು ಸಾಹೇಬ್ರೇ, ಕೂರೋಕೆ ಜಾಗ ಸಿಕ್ಕಿತು ಅನ್ನೋ ಹಾಗೆ," ಎಂದಿದ್ದ ಗೂಡಿನ ಕೆಲಸದವನೊಬ್ಬ. ಹನ್ನೊಂದು ಜನ ಸತ್ತರು. ಅವರಲ್ಲಿ ವಿಮಾನದ ಕ್ಯಾಪ್ಟನ್ ಸಿಯಾವಶ್ ದಾದ್‌ಗರ್ ಒಬ್ಬ.

ಬಯಾತ್ ಆ ವಿಮಾನಕ್ಕೆ ಸೇರಿದವರೇ ಅಲ್ಲ. ತಂಗಿಯ ಮಗಳ ಮದುವೆ ಮುಗಿಸಿಕೊಂಡು ಪ್ರಯಾಣಿಕರಾಗಿ ಹತ್ತಿದ್ದರು. ಸಹಾಯಕ ಚಾಲಕ ಇಸ್ಫಹಾನಿನಲ್ಲೇ ಜ್ವರದಿಂದ ಮಲಗಿದ್ದರಿಂದ ದಾದ್‌ಗರ್ ಅವರನ್ನು ಬಲಗಡೆಯ ಆಸನಕ್ಕೆ ಕರೆದ. ಕರೆಯದೆ ಇರುವುದು ಹೇಗೆ? ಸೈನ್ಯದ ದಿನಗಳಲ್ಲಿ ಅವನಿಗೆ ಹಾರುವುದನ್ನು ಕಲಿಸಿದವರೇ ಅವರು. ಚಾಲಕರ ಒಂದೇ ಕೋಣೆಯಲ್ಲಿ ಇಬ್ಬರು ಕ್ಯಾಪ್ಟನ್‌ಗಳು; ಒಬ್ಬನಿಗೆ ವಿಮಾನದ ಹೊಣೆ, ಇನ್ನೊಬ್ಬರಿಗೆ ಹಿರಿತನ. ಇಬ್ಬರ ಮುಂದೆಯೂ ಒಂದೊಂದು ಚುಕ್ಕಾಣಿ.

ಇಳಿಯುವ ಹೊತ್ತಿಗೆ ಇಬ್ಬರಲ್ಲೊಬ್ಬರ ಹೆಬ್ಬೆರಳು ರೇಡಿಯೋ ಗುಂಡಿಯ ಮೇಲೆ ಉಳಿದುಹೋಗಿತ್ತು. ನಿಲ್ದಾಣದ ಗೋಪುರದಲ್ಲಿದ್ದವರಿಗೆಲ್ಲ ಅವರ ಮಾತು ಕೇಳಿಸಿತ್ತು.

"ಉಸ್ತಾದ್, ತಾವಿರುವಾಗ ನಾನು ಇಳಿಸೋದಾ? ದಯಮಾಡಿ ತಾವೇ."

"ಛೆ ಛೆ, ವಿಮಾನ ನಿಂದು. ನಾನು ಅತಿಥಿ."

"ಅತಿಥಿ ಅಂದ್ರೆ ಮನೆ ಯಜಮಾನ."

"ನಿನ್ನ ಕೈಯಲ್ಲಿ ಇಳಿಸ್ಕೊಳ್ಳೋ ಭಾಗ್ಯ ತಪ್ಪಿಸ್ತೀಯೇನೋ?"

"ನನ್ನ ಜೀವದಾಣೆ, ತಾವೇ."

ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದರು. ಗೋಪುರದವರೂ ನಕ್ಕಿದ್ದರು. ಗುಂಡಿಯ ಮೇಲಿಂದ ಬೆರಳು ಎದ್ದಿರಬೇಕು, ಮತ್ತೇನೂ ಕೇಳಲಿಲ್ಲ.

ಎರಡು ಸಲ ಒಲ್ಲೆನೆಂದು ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದು ಇರಜ್‌ನ ದೇಶದ ಪ್ರತಿಯೊಬ್ಬ ಮನುಷ್ಯನೂ ತಾಯಿಯ ಮಡಿಲಲ್ಲಿ ಕಲಿತ ಪಾಠ. ಇಬ್ಬರೂ ಎಣಿಸಿದ್ದರು. ಇನ್ನೊಬ್ಬ ನಕ್ಕು ಒಪ್ಪಿದನೆಂದು ಇಬ್ಬರೂ ತಿಳಿದರು. ಇಬ್ಬರೂ ಕೈ ತೆಗೆದರು. ಮೂತಿ ತಗ್ಗಿಸಿ, ಎಂಜಿನ್ನಿನ ಸದ್ದಿಳಿಸಿ ಬಿಟ್ಟಿದ್ದ ವಿಮಾನ ಹಾಗೆಯೇ ತಗ್ಗುತ್ತ ಹೋಯಿತು. ಇರಜ್‌ಗೆ ಇದು ಲೆಕ್ಕದಷ್ಟು ಸ್ಪಷ್ಟವಾಗಿತ್ತು. ಆದರೆ ನಾಳೆ ಬೆಳಿಗ್ಗೆ ಮಂತ್ರಿಗಳ ಮುಂದೆ ಇಡಬೇಕಾದದ್ದು ಒಂದು ಹೆಸರು. ಬಯಾತ್ ಎಂದಾದರೆ ಮುದುಕರಿಗೆ ಜೈಲು. ದಾದ್‌ಗರ್ ಎಂದಾದರೆ ಅವನ ಹೆಂಡತಿ ಮಕ್ಕಳು ಬದುಕಿರುವತನಕ ಉಳಿದ ಹತ್ತು ಹೆಣಗಳ ಹೊರೆಯನ್ನು ಹೊತ್ತು ಬೀದಿಯಲ್ಲಿ ತಿರುಗಬೇಕು. ಯಾರೂ ಹಿಡಿದಿರಲಿಲ್ಲ ಎಂಬುದು ಹೆಸರಲ್ಲ.

"ಅದಿರಲಿ, ಹಣ್ಣು ತಗೊಳ್ಳಿ," ಎಂದರು ಬಯಾತ್. "ಬಂದಾಗಿಂದ ಬಾಯಾರಿ ಕೂತಿದ್ದೀರಿ."

ಮೇಜಿನ ಮೇಲೆ ಸಿಹಿನಿಂಬೆಯ ರಾಶಿಯಿತ್ತು. ಇರಜ್ ಒಂದನ್ನು ತೆಗೆದುಕೊಂಡು ಸುಲಿದ. ತೊಳೆಯನ್ನು ಬಿಡಿಸಿ ಮುದುಕರ ಬಾಯಿಯ ಹತ್ತಿರ ಹಿಡಿದ.

"ಮೊದಲು ತಾವು," ಎಂದರು ಬಯಾತ್.

"ತಮಗೇ ಅಂತ ಸುಲಿದೆ, ಉಸ್ತಾದ್."

"ನನ್ನ ಹಾಸಿಗೆ ಪಕ್ಕ ಕೂತು ಏನೂ ತಿನ್ನದೆ ಹೋಗ್ತೀರಾ? ನನಗೆ ಗಂಟಲಲ್ಲಿ ಇಳಿಯುತ್ತಾ?"

"ತಾವು ತಿಂದ್ರೆ ನಾನು ತಿಂದ ಹಾಗೆ."

ತೊಳೆ ಇಬ್ಬರ ನಡುವೆ ಗಾಳಿಯಲ್ಲೇ ನಿಂತಿತ್ತು. ಸಿಹಿನಿಂಬೆಯನ್ನು ಸುಲಿದ ಕೂಡಲೇ ತಿನ್ನಬೇಕು. ಮಾತಾಡುತ್ತ ಕೂತರೆ ಅದು ಕಹಿಯಾಗುತ್ತದೆ. ಕಡೆಗೆ ಇಬ್ಬರೂ ಒಂದೊಂದು ತಿಂದಾಗ ಅದು ಕಹಿಯಾಗಿತ್ತು.

"ಸಕ್ಕರೆ ಇದ್ದ ಹಾಗಿದೆ," ಎಂದರು ಬಯಾತ್.

"ಹೌದು," ಎಂದ ಇರಜ್. ಹಾಗೆಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಎದ್ದು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ.

"ನಾನು ಕಿಟಕಿ ಆಚೆ ನೋಡ್ತಿದ್ದೆ," ಎಂದರು ಬಯಾತ್ ಇದ್ದಕ್ಕಿದ್ದಂತೆ. ದನಿಯಲ್ಲಿ ನಗುವಿರಲಿಲ್ಲ. "ಹುಡುಗ ಎಷ್ಟು ನಯವಾಗಿ ಇಳಿಸ್ತಿದ್ದಾನೆ, ಒಂಚೂರೂ ಅಲುಗಾಡಿಸ್ತಾ ಇಲ್ಲ, ಅಂದ್ಕೊಂಡೆ. ನಾನು ಕಲಿಸಿದ್ದು ವ್ಯರ್ಥ ಆಗ್ಲಿಲ್ಲ ಅಂದ್ಕೊಂಡೆ. ಅವನಿಗೆ ಅದನ್ನ ಹೇಳಬೇಕು ಅಂತ ತಿರುಗಿದೆ." ಅವರು ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡರು. "ಅವನೂ ಆಚೆ ನೋಡ್ತಿದ್ದ."

ಇರಜ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತ.

"ಇದನ್ನ ಬರ್ಕೋಬೇಡಿ, ಮಗ. ನಾನೇ ಹಿಡಿದಿದ್ದೆ ಅಂತ ಬರ್ಕೊಳ್ಳಿ. ಸತ್ತ ಹುಡುಗನ ಹೆಸರು ನನ್ನ ಬಾಯಿಂದ ಹಾಳಾಗೋದು ಬೇಡ."

*

ದಾದ್‌ಗರ್‌ನ ಹೆಂಡತಿ ಅಕ್ದಸ್ ಖಾನಂ ಚಹಾ ಕೊಡಲಿಲ್ಲ. ಬಾಗಿಲು ತೆರೆದವಳು ದಾರಿ ಬಿಟ್ಟು ಒಳಗೆ ಹೋಗಿ ಕಂಬಳಿ ಹೊದಿಸಿದ ಅಗ್ಗಿಷ್ಟಿಕೆಯ ಪಕ್ಕ ಕುಳಿತಳು. ಕುಳಿತುಕೊಳ್ಳಿ ಎನ್ನಲಿಲ್ಲ. ಬೆಳಗಿನಿಂದ ಮೊದಲ ಸಲ ಇರಜ್‌ಗೆ ಉಸಿರಾಟ ಸಲೀಸಾಯಿತು. ಈ ನಗರದಲ್ಲಿ ಉಪಚಾರ ಮರೆತ ಮನೆ ಇದೊಂದೇ, ಇಲ್ಲಿ ನಿಜವಾದ ಮಾತಿಗೆ ಜಾಗವಿರಬಹುದು ಎನ್ನಿಸಿತು.

"ಖಾನಂ, ಕ್ಷಮಿಸಿ. ಈ ಹೊತ್ತಿನಲ್ಲಿ ಬಂದು—"

"ಯಾರ ಹೆಸರು ಬರೀತೀರಿ?"

"ಅದಕ್ಕೇ ಬಂದೆ. ಉಸ್ತಾದ್ ಬಯಾತ್ ತಾವೇ ಹಿಡಿದಿದ್ದೆ ಅಂತಾರೆ."

ಅವಳು ತಲೆಯೆತ್ತಿದಳು. ಕಪ್ಪು ಬಟ್ಟೆಯಲ್ಲಿ ಅವಳ ಮುಖ ತೀರ ಚಿಕ್ಕದಾಗಿ ಕಂಡಿತು.

"ಹಾಗೆ ಬರೆದ್ರೆ ನಾನು ಒಪ್ಪಲ್ಲ. ನನ್ನ ಗಂಡನೇ ಹಿಡಿದಿದ್ರು. ಕರೆದು ಕೂರಿಸ್ಕೊಂಡ ಅತಿಥಿ ಮೇಲೆ ಅಪವಾದ ಹೊರಿಸಿದ್ರು ಅಂತ ನಾಳೆ ಜನ ಆಡ್ಕೊಳ್ಳೋದು ಬೇಡ. ನಮ್ಮವರ ಹೆಸರೇ ಬರೀರಿ."

"ನೀವು ಅಲ್ಲಿರಲಿಲ್ಲ, ಖಾನಂ."

"ನೀವೂ ಇರಲಿಲ್ಲ."

ಹೌದು. ಅಲ್ಲಿದ್ದವರೂ ಇರಲಿಲ್ಲ ಎಂಬುದೇ ಅವನು ಬರೆಯಬೇಕಾದ ಮಾತು. ಅದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದ. ನಿಮ್ಮ ಗಂಡ ಸತ್ತದ್ದು ಒಳ್ಳೆಯತನದಿಂದ, ಆ ಒಳ್ಳೆಯತನ ಒಂದು ರೋಗ, ಅದನ್ನು ಹೊರಗೆಳೆದು ಬಯಲಲ್ಲಿ ಇಡದೆ ಹೋದರೆ ಈ ದೇಶದ ಆಕಾಶದಲ್ಲಿ ಇನ್ನೂ ಎಷ್ಟೋ ಜನ ಹೀಗೇ ಮೆತ್ತಗೆ ಸಾಯುತ್ತಾರೆ. ವಾಕ್ಯ ಸಿದ್ಧವಾಗಿತ್ತು. ಹೊರಗೆ ಬಂದದ್ದು, "ತಮ್ಮ ದುಃಖದಲ್ಲಿ ನಾನೂ ಪಾಲುದಾರ," ಎಂದು.

ಅವಳು ಕಂಬಳಿಯ ಅಂಚನ್ನು ಮಡಿಸುತ್ತಿದ್ದಳು.

"ಉಸ್ತಾದರು ಊಟಕ್ಕೆ ಬಂದ್ರೆ ನಮ್ಮನೇಲಿ ದೊಡ್ಡ ತಮಾಷೆ. ಅವರು ಕೂರೋವರೆಗೂ ಇವರು ಕೂರಲ್ಲ, ಇವರು ಕೂರೋವರೆಗೂ ಅವರು ಕೂರಲ್ಲ. ಬಡಿಸಿದ್ದು ಆರಿ ತಣ್ಣಗಾಗ್ತಿತ್ತು. ನಾನು ಸೌಟು ಹಿಡ್ಕೊಂಡು ನಗ್ತಾ ನಿಂತಿರ್ತಿದ್ದೆ. ನನ್ನ ಗಂಡ ಎಂಥಾ ಮರ್ಯಾದಸ್ಥ ಅಂತ ನಂಗೆ ಹೆಮ್ಮೆ." ಮಡಿಸುವುದು ನಿಂತಿತು. "ಯಾರಾದ್ರೂ ಒಬ್ಬರು ಹಿಡಿದಿದ್ರೆ ಸಾಕಿತ್ತು. ಯಾರಾದ್ರೂ."

ಅದು ಎಷ್ಟು ಮೆಲ್ಲಗೆ ಬಂದ ಮಾತೆಂದರೆ, ಕೇಳಿಸಿಕೊಂಡದ್ದಕ್ಕೆ ಇರಜ್ ನಾಚಿದ. ಅವಳೂ ನಾಚಿದಳು. ಥಟ್ಟನೆ ಎದ್ದಳು.

"ಅಯ್ಯೋ, ನನ್ನ ತಲೆಗಿಷ್ಟು. ಬಂದವರಿಗೆ ಒಂದು ಲೋಟ ಚಹಾನೂ ಕೊಡ್ಲಿಲ್ಲ. ಏನಂದ್ಕೊಂಡ್ರೋ."

"ಬೇಡ ಖಾನಂ, ತೊಂದರೆ ತಗೋಬೇಡಿ."

"ತೊಂದರೆ ಏನು ಬಂತು? ಕೂತ್ಕೊಳ್ಳಿ. ಅವರಿದ್ದಿದ್ರೆ ನನ್ನನ್ನ ಬಯ್ತಿದ್ರು."

ಮತ್ತೆ ಎಲ್ಲವೂ ಅದರದರ ಜಾಗಕ್ಕೆ ಹೋಗಿ ಕೂತಿತು.

*

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ತೂರಾನ್ ಅವನ ಕೋಟು ತೆಗೆದುಕೊಂಡು ಕೇಳಿದಳು: "ಏನಾಯ್ತು?"

"ಇಬ್ಬರಿಗೂ ತಪ್ಪು ತಮ್ಮ ಕಡೆಯದೇ ಅನ್ನಿಸ್ಕೊಳ್ಳೋ ಆಸೆ."

"ಪಾಪ, ಎಂಥಾ ಒಳ್ಳೆ ಜನ."

ಅವನು ಅವಳನ್ನು ನೋಡಿದ. ಅವಳು ನಿಜವಾಗಿಯೂ ಕರಗಿದ್ದಳು. ಮದುವೆಯಾದಾಗಿನಿಂದ ಅವಳ ಬಾಯಿಂದ ಒಂದು ಒರಟು ಮಾತನ್ನು ಅವನು ಕೇಳಿರಲಿಲ್ಲ; ಅವಳೂ ಅವನಿಂದ ಕೇಳಿರಲಿಲ್ಲ. ನೆಂಟರು ಅವರಿಬ್ಬರನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

"ತೂರಾನ್, ಒಂದು ಕೇಳ್ತೀನಿ. ಶಿರಾಜ್ ಬಿಟ್ಟು ಇಲ್ಲಿಗೆ ಬಂದ್ವಲ್ಲ, ನಿನಗೆ ಬರಬೇಕು ಅಂತಿತ್ತಾ?"

"ಈಗ್ಯಾಕೆ ಅದೆಲ್ಲ?"

"ಸುಮ್ನೆ ಹೇಳು."

"ನೀವು ಎಲ್ಲಿರ್ತೀರೋ ನಂಗೆ ಅದೇ ಊರು."

"ಅದಲ್ಲ ನಾನು ಕೇಳಿದ್ದು."

ಅವಳು ಕೋಟನ್ನು ಗೂಟಕ್ಕೆ ತಗುಲಿಸಿ, ಅದರ ತೋಳನ್ನು ಸರಿಮಾಡಿ, ಮತ್ತೊಮ್ಮೆ ಸರಿಮಾಡಿದಳು.

"ಇರಲಿಲ್ಲ," ಎಂದಳು. "ನಮ್ಮಮ್ಮ ಇದ್ರು, ತೋಟ ಇತ್ತು. ಆದ್ರೆ ನಿಮಗೆ ತೆಹ್ರಾನ್ ಅಂದ್ರೆ ಅಷ್ಟು ಇಷ್ಟ. ಬಾಯಿಬಿಟ್ಟು ಹೇಳ್ದೆ ಇದ್ರೂ ನಂಗೆ ಗೊತ್ತಾಗಲ್ವಾ?"

ಇರಜ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ತೆಹ್ರಾನಿನ ಕೆಲಸ ಬಂದಾಗ ಅದನ್ನು ಬೇಡವೆಂದು ಬರೆಯಲು ಕೂತವನು ಅವನು. ದೊಡ್ಡ ಊರು, ಸಿನಿಮಾ, ಅಂಗಡಿಗಳು, ಹೆಣ್ಣುಜೀವ ಕೇಳಲು ನಾಚಿಕೊಳ್ಳುತ್ತಿದೆ, ಅವಳಿಗಾಗಿ ಹೋಗೋಣ ಎಂದುಕೊಂಡು ಬರೆದದ್ದನ್ನು ಹರಿದುಹಾಕಿದ್ದ. ಶಿರಾಜಿನ ಆ ಮನೆಯ ಕಿತ್ತಳೆ ಹೂವಿನ ವಾಸನೆ ಎಷ್ಟೋ ವರ್ಷ ಅವನ ನಿದ್ದೆಯಲ್ಲಿ ಬರುತ್ತಿತ್ತು.

"ನಿಮಗೆ ಇಷ್ಟ ಇತ್ತು ತಾನೇ?" ಎಂದಳು ತೂರಾನ್. ಪ್ರಶ್ನೆಯ ಅಡಿಯಲ್ಲಿ ಸಣ್ಣದೊಂದು ಭಯವಿತ್ತು.

ಆ ಭಯವನ್ನು ನೋಡಿ ಅವನ ಎದೆ ತುಂಬಿ ಬಂತು. ಇಲ್ಲವೆಂದರೆ ಅವಳ ಇಷ್ಟು ವರ್ಷಗಳ ತ್ಯಾಗ ಕಸವಾಗುತ್ತದೆ. ಹೌದೆಂದರೆ ಅವನದು. ಈ ಮನೆ, ಈ ಬೀದಿಯ ಚಿನಾರ್ ಮರಗಳು, ಬೆಳಿಗ್ಗೆ ಹೆಪ್ಪುಗಟ್ಟುವ ಕಾಲುವೆ, ಎಲ್ಲದರ ಮೇಲೂ ಇಬ್ಬರೂ ಆಚೆ ನೋಡುತ್ತ ಹಾರಿಬಂದಿದ್ದರು. ಒಬ್ಬರಿಗೊಬ್ಬರು ಎಷ್ಟು ಅಕ್ಕರೆಯಿಂದ.

"ಇತ್ತು," ಎಂದ ಅವನು. "ತುಂಬ."

ಅವಳ ಮುಖ ಹಗುರಾಯಿತು. "ಬನ್ನಿ, ಅನ್ನದ ತಳದ ಸೀಕು ಗರಿಗರಿಯಾಗಿ ಬಂದಿದೆ. ಮೆತ್ತಗಾಗೋದ್ರೊಳಗೆ ತಿನ್ನಿ," ಎಂದು ಪೂರ್ತಿ ತುಂಡನ್ನು ಅವನ ತಟ್ಟೆಗೇ ಹಾಕಿದಳು.

*

ವಿಚಾರಣೆಯಲ್ಲಿ ಅವನ ಜೊತೆಗಿದ್ದವರು ವಾಯುಪಡೆಯ ಕರ್ನಲ್ ನೀಕ್‌ಖೂ. ಸಂಜೆ ಅವನು ಅವರನ್ನು ನಿಲ್ದಾಣದ ಹಿಂದಿನ ಶೆಡ್ಡಿಗೆ ಕರೆತಂದ. ಮಾತಿನಿಂದ ಆಗದ್ದು ಲೋಹದಿಂದ ಆಗಬಹುದೆಂದು ಅವನಿಗೆ ಅನ್ನಿಸಿತ್ತು. ಊಟದ ನಂತರ ಅವನೊಳಗೆ ಒಂದು ಗಟ್ಟಿ ನಿಶ್ಚಯ ಬೆಳೆದಿತ್ತು; ಎಲ್ಲಾದರೂ ಒಂದು ಕಡೆ, ಒಬ್ಬರಾದರೂ, ಇದ್ದದ್ದನ್ನು ಇದ್ದ ಹಾಗೆ ಹೇಳಲೇಬೇಕು.

ಇಟ್ಟಿಗೆ ಗೂಡಿನಿಂದ ಎತ್ತಿ ತಂದ ತುಂಡುಗಳನ್ನು ನೆಲದ ಮೇಲೆ ಅವುಗಳ ಕ್ರಮದಲ್ಲೇ ಜೋಡಿಸಲಾಗಿತ್ತು. ರೆಕ್ಕೆಗಳು ಒಂದು ಕಡೆ, ಬಾಲ ಇನ್ನೊಂದು ಕಡೆ. ಮೂತಿಯ ಭಾಗ ಮಾತ್ರ ಮರದ ಅಟ್ಟಣೆಯ ಮೇಲೆ ಹೆಚ್ಚುಕಡಿಮೆ ಇಡಿಯಾಗಿ ಕೂತಿತ್ತು. ಅದರ ಎಡಬದಿ ಒಳಕ್ಕೆ ತಗ್ಗಿತ್ತು. ಗಾಜಿರಲಿಲ್ಲ.

"ಯಾರೂ ಹಿಡಿದಿರಲಿಲ್ಲ ಅಂತ ಬರೀತೀನಿ, ಕರ್ನಲ್ ಸರ್ಕಾರ್," ಎಂದ ಇರಜ್. "ಇಬ್ಬರೂ ಬಿಟ್ಟುಕೊಟ್ಟರು. ಅದೇ ಕಾರಣ."

ಕರ್ನಲ್ ಒಳ್ಳೆಯ ಮನುಷ್ಯ. ಅವರ ಕಣ್ಣಿನಲ್ಲಿ ಮರುಕವಿತ್ತು.

"ಮೊಹಂದಿಸ್ ಜಾನ್, ಯಾರೂ ನಡೆಸದ ವಿಮಾನದಲ್ಲಿ ಜನರನ್ನ ಕೂರಿಸಿ ಕಳಿಸಿದ್ವಿ ಅಂತ ಮಂತ್ರಿಗಳಿಗೆ ಹೇಗೆ ಹೇಳೋದು? ಉಪಚಾರಕ್ಕೆ ಸತ್ತರು ಅಂದ್ರೆ ಲೋಕ ನಗಲ್ವಾ?"

"ನಗಲಿ. ಇದನ್ನ ಮುಚ್ಚಿದ್ರೆ ನಾಳೆ ಇನ್ನೊಂದು ಬೀಳುತ್ತೆ."

"ನಿಮ್ಮ ಮಾತು ನನ್ನ ತಲೆ ಮೇಲೆ. ಆದ್ರೆ ಇಬ್ಬರು ನುರಿತ ಚಾಲಕರು ಕೈ ಬಿಟ್ಟು ಕೂತಿದ್ರು ಅಂದ್ರೆ ನನಗೇ ನಂಬೋಕಾಗ್ತಿಲ್ಲ."

"ಬನ್ನಿ, ಒಳಗೆ ಕೂತು ನೋಡೋಣ."

ಏಣಿ ಹತ್ತಿದ ಮೇಲೆ ಕರ್ನಲ್ ಆಸನಗಳ ಹಿಂದೆ ನಿಂತರು. "ಎಡಗಡೆ ತಾವು."

"ತಾವು ಹಿರಿಯರು."

"ವಿಚಾರಣೆ ತಮ್ಮದು."

ಇರಜ್ ಎಡಗಡೆ ಕೂತ. ಮುರಿದ ಆಸನ ಅವನನ್ನು ಬಾಗಿಲ ಕಡೆಗೆ ವಾಲಿಸಿತು. ಕರ್ನಲ್ ಬಲಗಡೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಎದುರಿಗೆ ಶೆಡ್ಡಿನ ತಗಡಿನ ಗೋಡೆ. ಅದರ ಸಂದಿಯಿಂದ ಸಂಜೆಯ ಬೆಳಕು ಒಂದು ಗೆರೆಯಾಗಿ ಬಂದು ನಿಂತಿತ್ತು.

ಅವನು ತನ್ನ ಮುಂದಿನ ಚುಕ್ಕಾಣಿಯನ್ನು ಎಳೆದ. ಅದು ತಡವರಿಸದೆ ಬಂತು. ಕರ್ನಲ್ ಮುಂದಿನದೂ ಅದರ ಜೊತೆಗೇ ಅಷ್ಟೇ ಬಂತು. ನೆಲದಡಿಯಲ್ಲಿ ಎರಡನ್ನೂ ಕೂಡಿಸಿದ್ದ ಸರಳು ಹಾಗೆಯೇ ಉಳಿದಿತ್ತು. ಅಲ್ಲಿಂದ ಬಾಲಕ್ಕೆ ಹೋಗುತ್ತಿದ್ದ ತಂತಿಗಳು ಮಾತ್ರ ಕಡಿದುಹೋಗಿದ್ದವು. ಒಂದನ್ನು ತಳ್ಳಿದರೆ ಇನ್ನೊಂದು ಹೋಗುತ್ತಿತ್ತು. ಒಂದನ್ನು ಎಳೆದರೆ ಇನ್ನೊಂದು ಬರುತ್ತಿತ್ತು. ಬೇರೆ ಏನೂ ಅಲುಗುತ್ತಿರಲಿಲ್ಲ.

"ನೋಡಿದ್ರಾ?" ಎಂದ ಇರಜ್. "ಇನ್ನೊಬ್ಬರ ಕೈ ಸೋಕಿದ್ರೂ ಇದು ಅಲುಗುತ್ತೆ. ಅಲುಗಿದ್ದು ಕಂಡ ಕೂಡಲೇ ಅವರು ಹಿಡಿದ್ರು ಅಂತ ನಾವು ಬಿಟ್ಟುಬಿಡ್ತೀವಿ."

ಕರ್ನಲ್ ಬೆರಳ ತುದಿಯಿಂದ ತಮ್ಮ ಕಡೆಯದನ್ನು ಮುಟ್ಟಿದರು. ಇರಜ್‌ನ ಅಂಗೈಯೊಳಗೆ ಅದು ಮಿಡಿಯಿತು, ಬದುಕಿರುವುದರ ಹಾಗೆ. ಅವನಿಗೆ ಅರಿವಾಗುವ ಮೊದಲೇ ಅವನ ಹಿಡಿತ ಸಡಿಲಾಗಿತ್ತು.

ಕರ್ನಲ್ ಅವನ ಸಡಿಲಾದ ಕೈಯನ್ನು ನೋಡಿದರು.

"ಸರಿ," ಎಂದರು ಕರ್ನಲ್ ಕೊನೆಗೆ, ತುಂಬ ಮೃದುವಾಗಿ. "ನಂಗೆ ಅರ್ಥ ಆಯ್ತು. ನೀವು ಹೇಳೋದು ನಿಜ. ಇನ್ನು ಬರೆಯೋದು ತಮಗೇ ಬಿಟ್ಟಿದ್ದು. ಬಯಾತ್ ಅಂತ ಬರೆದ್ರೂ ಸರಿ, ದಾದ್‌ಗರ್ ಅಂತ ಬರೆದ್ರೂ ಸರಿ, ಯಾರೂ ಇಲ್ಲ ಅಂತ ಬರೆದ್ರೂ ಸರಿ. ನನ್ನ ರುಜು ತಮ್ಮ ರುಜು ಕೆಳಗಿರುತ್ತೆ."

ಇಷ್ಟೇ ಬೇಕಾಗಿತ್ತು. ಇಡೀ ದಿನ ಅವನು ಹುಡುಕಿಕೊಂಡು ಅಲೆದದ್ದು ಇದನ್ನೇ. ಈಗ ಯಾರೂ ಅಡ್ಡ ಬರುತ್ತಿರಲಿಲ್ಲ. ಬಯಾತರ ಬ್ಯಾಂಡೇಜಿನ ಕೈ, ಅಕ್ದಸ್ ಖಾನಂ ಮಡಿಸುತ್ತಿದ್ದ ಕಂಬಳಿ, ಕೋಟಿನ ತೋಳನ್ನು ಎರಡು ಸಲ ಸರಿಮಾಡಿದ ತೂರಾನ್, ಎಲ್ಲರೂ ಅವನ ಬಾಯನ್ನೇ ನೋಡುತ್ತ ನಿಂತ ಹಾಗಾಯಿತು. ಒಬ್ಬರ ಕಣ್ಣಲ್ಲೂ ಕೆಟ್ಟದ್ದಿರಲಿಲ್ಲ.

"ಛೆ, ಎಲ್ಲಾದರೂ ಉಂಟೇ," ಎಂಬ ತನ್ನ ದನಿ ಅವನಿಗೇ ಕೇಳಿಸಿತು. "ಮೊದಲ ರುಜು ತಮ್ಮದು. ತಾವಿರುವಾಗ ನಾನು ಹೇಗೆ..."

"ಬೇಡ, ತಾವೇ. ದಯಮಾಡಿ."

"ದಯಮಾಡಿ ತಾವೇ, ಸರ್ಕಾರ್."

ಕರ್ನಲ್ ನಕ್ಕರು. ಅವನೂ ನಕ್ಕ.

ಇರಜ್‌ನ ಕೈಗಳು ಅವನ ತೊಡೆಯ ಮೇಲಿದ್ದವು. ಕರ್ನಲ್ ಕೈಗಳು ಟೋಪಿಯ ಮೇಲಿದ್ದವು. ಅವರ ಎದುರಿಗೆ ಎರಡು ಚುಕ್ಕಾಣಿಗಳೂ ತಮ್ಮ ಭಾರಕ್ಕೆ ತಾವೇ, ಒಂದಕ್ಕೊಂದು ಹೆಜ್ಜೆ ತಪ್ಪದೆ, ಸದ್ದಿಲ್ಲದೆ ಮುಂದಕ್ಕೆ ಬಾಗತೊಡಗಿದವು. ಇಬ್ಬರೂ ಮರ್ಯಾದೆಯಿಂದ ಆಚೆ, ತಗಡಿನ ಗೋಡೆಯ ಕಡೆಗೆ ನೋಡುತ್ತ ಕುಳಿತಿದ್ದರು.